ಆಟಕ್ಕುಂಟು, ಲೆಕ್ಕಕ್ಕೂ ಉಂಟು: ಗುಂಪು ಆಟ ಮಕ್ಕಳಿಗೆ ಏನ್ ಕೊಡತ್ತೆ, ಹೇಗ್ ಕೊಡತ್ತೆ

ನಮ್ಮ ಮಗಳು ಐದನೇ ಕ್ಲಾಸಲ್ಲಿ ಖೋ-ಖೋ ಟೀಮಿಗೆ ಸೇರಿದಾಗ ಮೊದಲ ಎರಡು ವಾರ ಅವಳು ಮಾಡಿದ್ದು ಒಂದೇ ಕೆಲಸ, ಕೂರೋದು. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು, ಅರ್ಧ ಲೋಟ ಹಾಲು ಕುಡಿದು ಅರ್ಧ ಬಿಟ್ಟು, ಸ್ಕೂಟರ್ ಹಿಂದೆ ತೂಕಡಿಸ್ತಾ ಹೋಗಿ, ಸುಣ್ಣದ ಪುಡೀಲಿ ಗೆರೆ ಎಳೆದ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತ್ಕೊಂಡು, ಯಾರಾದ್ರೂ ಬಂದು ಬೆನ್ನು ಮುಟ್ಟಿ "ಖೋ" ಅನ್ನೋವರೆಗೂ ಕಾಯೋದು. ಒಂದಿನ ಜೊತೆಗೆ ಬಂದಿದ್ದ ನಮ್ಮ ಭಾವ ಇದನ್ನ ನೋಡಿ ನಕ್ಕುಬಿಟ್ರು. "ಏನಯ್ಯಾ ಇದು, ಮಗೂನ ಕೂರಿಸೋಕೆ ಇಷ್ಟು ದೂರ ಕರ್ಕೊಂಡ್ ಬರ್ತೀಯಾ? ಸ್ವಿಮ್ಮಿಂಗಿಗೆ ಹಾಕು, ಅರ್ಧ ಗಂಟೆ ಪೂರ್ತಿ ಕೈಕಾಲು ಆಡತ್ತೆ" ಅಂದ್ರು.

ಭಾವನ ಪ್ರಶ್ನೆ ದಡ್ಡ ಪ್ರಶ್ನೆ ಏನಲ್ಲ. ಮೈ ಬೆವರೋದಷ್ಟೇ ಉದ್ದೇಶ ಆದ್ರೆ ಈಜು ಸಾಕು, ಸೈಕಲ್ ಸಾಕು, ಬೀದಿ ತುದಿಯ ಅಂಗಡಿವರೆಗೆ ದಿನಾ ನಾಲ್ಕು ಸಲ ಓಡಿ ಬಂದ್ರೂ ಸಾಕು. ಪಕ್ಕದಲ್ಲಿ ಯಾರು ಓಡ್ತಿದಾರೆ ಅಂತ ಹೃದಯಕ್ಕೂ ಶ್ವಾಸಕೋಶಕ್ಕೂ ಗೊತ್ತಾಗಲ್ಲ. ಹಾಗಾದ್ರೆ ಖೋ-ಖೋ, ಕಬಡ್ಡಿ, ಥ್ರೋಬಾಲ್, ವಾಲಿಬಾಲ್, ಹಾಕಿ, ಫುಟ್‌ಬಾಲ್, ನಮ್ಮ ಶಾಲಾ ಕ್ರೀಡಾಕೂಟದ ಭಾಷೇಲಿ "ಗುಂಪು ಆಟ" ಅಂತಾರಲ್ಲ, ಅವು ಒಂಟಿ ಆಟ ಕೊಡದೇ ಇರೋದು ಏನನ್ನ ಕೊಡತ್ತೆ? ಟೀಮ್ ಸ್ಪಿರಿಟ್, ಲೀಡರ್‌ಶಿಪ್ ಅಂತೆಲ್ಲ ಸ್ಕೂಲ್ ಬ್ರೋಷರಲ್ಲಿ ಹಾಕಿರ್ತಾರೆ, ಆದ್ರೆ ಅದು ಹೇಗೆ ಬರತ್ತೆ ಅಂತ ಮಾತ್ರ ಯಾರೂ ಹೇಳಲ್ಲ, ಮೈದಾನಕ್ಕೆ ಕಾಲಿಟ್ಟ ತಕ್ಷಣ ನೆಗಡಿ ಥರ ಅಂಟ್ಕೊಳ್ಳತ್ತೆ ಅನ್ನೋ ಹಾಗೆ. ನಾನು ಸ್ವಲ್ಪ ಓದಿ, ಜಾಸ್ತಿ ಮೈದಾನದ ಪಕ್ಕ ಕಲ್ಲಿನ ಮೇಲೆ ಕೂತು ನೋಡಿ ಅರ್ಥ ಮಾಡ್ಕೊಂಡಿದ್ದನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ಖೋ-ಖೋನೇ ತಗೊಳ್ಳೋಣ. ಅಟ್ಟಿಸೋ ಟೀಮಿನ ಎಂಟು ಜನ ಎರಡು ಕಂಬದ ಮಧ್ಯ ಒಂದೇ ಸಾಲಲ್ಲಿ ಕೂತಿರ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ. ಒಂಬತ್ತನೆಯವರು ಓಡ್ತಿರ್ತಾರೆ. ಎದುರು ಟೀಮಿಂದ ಮೂರು ಮೂರು ಜನ ಒಳಗೆ ಬರ್ತಾರೆ. ಅವರು ಕೂತವರ ಮಧ್ಯ ಹೇಗೆ ಬೇಕಾದ್ರೂ ನುಗ್ಗಿ ಆಚೆ ಈಚೆ ಹೋಗಬಹುದು. ಕಟ್ಟುಪಾಡೆಲ್ಲ ಅಟ್ಟಿಸೋರಿಗೆ. ನಡುಸಾಲು ದಾಟೋ ಹಾಗಿಲ್ಲ, ಒಂದ್ಸಲ ಒಂದು ದಿಕ್ಕು ಹಿಡಿದ್ರೆ ಆ ತುದಿಯ ಕಂಬದವರೆಗೂ ಹೋಗದೇ ವಾಪಸ್ ತಿರುಗೋ ಹಾಗಿಲ್ಲ. ಈಗ ಯೋಚನೆ ಮಾಡಿ, ಊರಲ್ಲೇ ಜೋರಾಗಿ ಓಡೋ ಹುಡುಗಿ ಅಟ್ಟಿಸ್ತಿದ್ರೂ ಮುಂದಿರೋಳು ಸುಮ್ನೆ ಸಾಲಿನ ಸಂದೀಲಿ ನುಸುಳಿ ಆಚೆ ಹೋದ್ರೆ ಅಲ್ಲಿಗೆ ಮುಗೀತು. ಆಗ ಇರೋದು ಒಂದೇ ದಾರಿ. ಆಚೆ ಕಡೆ ಮುಖ ಮಾಡಿ ಕೂತಿರೋ ಗೆಳತಿ ಬೆನ್ನು ಮುಟ್ಟಿ, ಕೇಳೋ ಹಾಗೆ ಖೋ ಅಂದು, ಅವಳ ಚೌಕದಲ್ಲಿ ತಾನು ಕೂತ್ಕೋಬೇಕು. ಇನ್ನೇನು ಕೈಗೆ ಸಿಕ್ಕೇಬಿಡ್ತಾಳೆ ಅನ್ನೋ ಹೊತ್ತಲ್ಲಿ ಬೇಟೇನ ಇನ್ನೊಬ್ಬಳಿಗೆ ಕೊಟ್ಟು ಕೂರಬೇಕು, ಹತ್ತು ವರ್ಷದ ಮಗೂಗೆ ಇದು ಎಷ್ಟು ಸಂಕಟದ ವಿಷಯ ಅಂತ ಐಸ್‌ಕ್ರೀಮ್ ಹಂಚಿ ಗೊತ್ತಿರೋ ಎಲ್ಲಾ ಅಪ್ಪ ಅಮ್ಮಂದಿರಿಗೂ ಗೊತ್ತಿರತ್ತೆ. "ಹಂಚ್ಕೊಂಡ್ ಆಡು" ಅಂತ ಮನೇಲಿ ನೂರು ಸಲ ಹೇಳಿದ್ರೂ ಹತ್ತದ ಮಾತನ್ನ ಆಟದ ನಿಯಮವೇ ಮಾಡಿಸತ್ತೆ. ಹಂಚ್ಕೊಳ್ಳದೇ ಇದ್ರೆ ಯಾರೂ ಔಟ್ ಆಗಲ್ಲ, ಅಷ್ಟೇ.

ಇನ್ನು ಭಾವ ನಕ್ಕಿದ್ದು ಕೂತಿರೋ ಮಕ್ಕಳನ್ನ ನೋಡಿ ಅಲ್ವಾ, ನನಗೆ ಈಗ ಅನ್ಸೋದು ಅಸಲಿ ಕೆಲಸ ನಡೀತಿರೋದು ಅಲ್ಲೇ ಅಂತ. ಕೂತವಳು ಬೆರಳ ತುದಿ ಮೇಲೆ ಭಾರ ಹಾಕಿ, ಸ್ಪ್ರಿಂಗ್ ಥರ ಇರಬೇಕು, ಆದ್ರೆ ಖೋ ಬರೋ ಮುಂಚೆ ಏಳೋ ಹಾಗಿಲ್ಲ, ಎದ್ರೆ ಫೌಲ್. ನಮ್ಮವಳು ಮೂರನೇ ದಿನವೇ ಎದ್ದುಬಿಟ್ಲು. ಸಿಗಬೇಕಿದ್ದ ರನ್ನರ್ ತಪ್ಪಿಸ್ಕೊಂಡ್ಲು, ಏಳನೇ ಕ್ಲಾಸಿನ ಅಕ್ಕ ಒಬ್ಬಳು ತಿರುಗಿ ಒಂದು ನೋಟ ನೋಡಿದ್ಲು ನೋಡಿ, ನಾನು ವರ್ಷವಿಡೀ ಬೈದ್ರೂ ಅಷ್ಟು ಕೆಲಸ ಆಗ್ತಿರ್ಲಿಲ್ಲ. ಮನೋವಿಜ್ಞಾನದವರು ತಲೆಯ ಯಜಮಾನಿಕೆ ಕೆಲಸಗಳು ಅಂತ ಮುಖ್ಯವಾಗಿ ಮೂರನ್ನ ಹೇಳ್ತಾರೆ: ಉಕ್ಕಿ ಬರೋ ಆಸೇನ ತಡೆ ಹಿಡಿಯೋದು, ಬೇಕಾದ ವಿಷಯಾನ ಆ ಕ್ಷಣಕ್ಕೆ ನೆನಪಲ್ಲಿ ಹಿಡಿದಿಟ್ಕೊಳ್ಳೋದು, ಪರಿಸ್ಥಿತಿ ಬದಲಾದ್ರೆ ಪ್ಲಾನ್ ಬದಲಾಯಿಸೋದು. ಕೂತಿರೋ ಹುಡುಗಿ ಮೂರನ್ನೂ ಒಟ್ಟಿಗೆ ಮಾಡ್ತಿರ್ತಾಳೆ, ಏಳಬಾರದು, ಮೂರು ಜನ ರನ್ನರ್ಸಲ್ಲಿ ಯಾರು ಎಲ್ಲಿದಾರೆ ನೆನಪಿರಬೇಕು, ಖೋ ಬಿದ್ದ ಅರ್ಧ ಸೆಕೆಂಡಲ್ಲಿ ಎಡಕ್ಕಾ ಬಲಕ್ಕಾ ತೀರ್ಮಾನ ಆಗಬೇಕು. ಇದರಿಂದ ಗಣಿತದಲ್ಲಿ ಮಾರ್ಕ್ಸ್ ಜಾಸ್ತಿ ಬರತ್ತೆ ಅಂತ ನಾನು ಹೇಳಲ್ಲ, ಹಾಗೆ ಹೇಳೋ ಜಾಹೀರಾತು ಕಂಡ್ರೆ ನಂಗೆ ಆಗೋದೂ ಇಲ್ಲ. ಆದ್ರೆ ಟ್ರ್ಯಾಕ್ ಮೇಲೆ ಒಂದೇ ಸಮ ಓಡೋದಕ್ಕಿಂತ ಇದು ತಲೆಗೆ ಬೇರೆ ಥರದ ಕೆಲಸ ಅನ್ನೋದಂತೂ ಎದುರಿಗೇ ಕಾಣತ್ತೆ.

ಐದಾರು ವರ್ಷದ ಮಕ್ಕಳ ಫುಟ್‌ಬಾಲ್ ನೋಡಿದೀರಾ? ಬೆಲ್ಲಕ್ಕೆ ಮುತ್ತಿದ ಇರುವೆ ಥರ ಅಷ್ಟೂ ಮಕ್ಕಳು ಬಾಲಿನ ಸುತ್ತಾನೇ ಇರ್ತಾರೆ, ಗೋಲ್‌ಕೀಪರ್ ಕೂಡ ಗೋಲ್ ಬಿಟ್ಟು ಬಂದಿರ್ತಾನೆ, ದೂರದಿಂದ ಅಪ್ಪಂದಿರು "ಪಾಸ್ ಮಾಡೋ, ಪಾಸ್ ಮಾಡೋ" ಅಂತ ಗಂಟಲು ಹರ್ಕೊಳ್ತಿರ್ತಾರೆ. ಪಾಸ್ ಮಾಡೋಕೆ ಬೇಕಾದ ಸಾಮಾನು ಆ ವಯಸ್ಸಿನ ತಲೇಲಿ ಇನ್ನೂ ಪೂರ್ತಿ ಜೋಡಣೆ ಆಗಿರಲ್ಲ. ಅಮೆರಿಕದ ಜಾರ್ಜ್ ಹರ್ಬರ್ಟ್ ಮೀಡ್ ಅನ್ನೋ ಚಿಂತಕ ಹೆಚ್ಚುಕಮ್ಮಿ ನೂರು ವರ್ಷದ ಹಿಂದೆ ಇದನ್ನ ಚೆನ್ನಾಗಿ ಹಿಡಿದಿದ್ದ. ಅವನು ಹೇಳಿದ್ದು ಇಷ್ಟು. ಮಗು ಅಡುಗೆ ಆಟ ಆಡುವಾಗ ಒಂದ್ಸಲಕ್ಕೆ ಒಂದೇ ಪಾತ್ರ, ಈಗ ಅಮ್ಮ, ಆಮೇಲೆ ಟೀಚರ್, ಆಮೇಲೆ ಬಸ್ ಕಂಡಕ್ಟರ್. ನಿಯಮ ಇರೋ ಗುಂಪು ಆಟಕ್ಕೆ ಬಂದಾಗ ಮಗು ತನ್ನ ಜಾಗದಲ್ಲಿ ನಿಂತ್ಕೊಂಡೇ ಉಳಿದ ಅಷ್ಟೂ ಜನ ಏನು ಮಾಡ್ತಾರೆ, ಅವರು ತನ್ನಿಂದ ಏನು ನಿರೀಕ್ಷೆ ಮಾಡ್ತಿದಾರೆ ಅಂತ ಒಟ್ಟಿಗೆ ತಲೇಲಿ ಇಟ್ಕೋಬೇಕು. ಅವನು ಉದಾಹರಣೆಗೆ ತಗೊಂಡಿದ್ದು ಬೇಸ್‌ಬಾಲು, ನಮಗೆ ಕಬಡ್ಡಿ ಸಾಕು. ಎಡ ತುದೀಲಿ ನಿಂತ ಕಾರ್ನರ್ ಹುಡುಗ ರೈಡರ್ ಕಾಲಿಗೆ ಬಿದ್ರೆ ಅವನ ಪಕ್ಕ ಕವರಲ್ಲಿ ನಿಂತ ಹುಡುಗ ಆ ಕ್ಷಣಕ್ಕೇ ಮೇಲೆ ಬೀಳಬೇಕು, ಒಂದು ಗಳಿಗೆ ತಡ ಆದ್ರೂ ರೈಡರ್ ಕೈ ಚಾಚಿ ನಡುಗೆರೆ ಮುಟ್ಟಿ ಇಬ್ಬರನ್ನೂ ಔಟ್ ಮಾಡ್ಕೊಂಡು ಹೋಗ್ತಾನೆ. ಪಕ್ಕದವನ ಮನಸ್ಸಲ್ಲಿ ಏನಿದೆ ಅಂತ ಅವನ ಭುಜ ನೋಡಿ ಓದೋದು, ಇದನ್ನ ಪಾಠ ಮಾಡಿ ಕಲಿಸೋಕೆ ಆಗಲ್ಲ. ಸಾಮಾನ್ಯವಾಗಿ ಎಂಟು ಒಂಬತ್ತು ವರ್ಷಕ್ಕೆ ಮಕ್ಕಳಿಗೆ ಇದು ಒಗ್ಗೋಕೆ ಶುರುವಾಗತ್ತೆ, ಅದಕ್ಕೂ ಮುಂಚೆ "ಪೊಸಿಷನ್" ಅಂತ ಕೂಗಾಡೋದು ನಮ್ಮ ಗಂಟಲಿಗೆ ನಷ್ಟ.

ಕಬಡ್ಡೀಲಿ ಇನ್ನೊಂದು ಸೊಗಸಾದ ಸಂಗತಿ ಇದೆ. ಔಟಾಗಿ ಹೊರಗೆ ಕೂತವನು ತಾನಾಗೇ ವಾಪಸ್ ಬರೋಕಾಗಲ್ಲ. ಅವನ ಟೀಮಿನ ಬೇರೆ ಯಾರೋ ಎದುರಿನವರನ್ನ ಔಟ್ ಮಾಡಿದಾಗ, ಒಬ್ಬರಿಗೆ ಒಬ್ಬರಂತೆ, ಇವನಿಗೆ ಜೀವ ಬರತ್ತೆ. ಹಾಗಾಗಿ ಹೊರಗೆ ಕೂತ ಹುಡುಗ ಒಳಗಿರೋನಿಗೆ ಕೂಗೋದಿದೆಯಲ್ಲ, ಅದರಲ್ಲಿ ಸೌಜನ್ಯಕ್ಕಿಂತ ಸ್ವಾರ್ಥ ಜಾಸ್ತಿ, ಮತ್ತೆ ಅದೇ ಅದರ ಚಂದ. ಇನ್ನೊಬ್ಬರು ಗೆದ್ರೆ ನನಗೂ ಒಳ್ಳೇದು ಅನ್ನೋದು ಮಗೂಗೆ ಉಪದೇಶವಾಗಿ ಸಿಗಲ್ಲ, ಮೂವತ್ತು ಸೆಕೆಂಡಿನ ರೈಡಾಗಿ ಸಿಗತ್ತೆ. ತರಗತೀಲಿ ರ‍್ಯಾಂಕು ಅಂದ್ರೆ ಪಕ್ಕದವನು ಮೇಲೆ ಹೋದ್ರೆ ನಾನು ಕೆಳಗೆ, ಮನೇಲಿ ಅಣ್ಣ ತಮ್ಮನ ಹೋಲಿಕೆನೂ ಹಂಗೇ. ಅದಕ್ಕೆ ಉಲ್ಟಾ ಇರೋ ಲೆಕ್ಕ ಮಗು ನೋಡೋಕೆ ಸಿಗೋ ಜಾಗಗಳು ತುಂಬಾ ಕಮ್ಮಿ.

ಮನಸ್ಸಿನ ಆರೋಗ್ಯದ ವಿಷಯಕ್ಕೆ ಬಂದ್ರೆ 2022ರಲ್ಲಿ ಅಮೆರಿಕದಲ್ಲಿ 9ರಿಂದ 13 ವರ್ಷದ 11,235 ಮಕ್ಕಳ ಮಾಹಿತಿ ಇಟ್ಕೊಂಡು ಮಾಡಿದ ಒಂದು ಅಧ್ಯಯನ ಬಂತು. ಗುಂಪು ಆಟ ಆಡೋ ಮಕ್ಕಳಲ್ಲಿ ಆತಂಕ, ಮಂಕುತನ, ಒಂಟಿಯಾಗಿ ಕೂರೋದು, ಗಮನ ನಿಲ್ಲದಿರೋದು ಇಂಥ ತೊಂದರೆಗಳು ಯಾವ ಆಟಾನೂ ಆಡದವರಿಗಿಂತ ಕಮ್ಮಿ ಕಂಡವು. ಇದು ನಾವೆಲ್ಲ ಊಹಿಸೋದೇ. ಯಾರೂ ಊಹಿಸದೇ ಇದ್ದಿದ್ದು ಏನಂದ್ರೆ ಒಂಟಿ ಆಟ ಮಾತ್ರ ಆಡೋ ಮಕ್ಕಳಲ್ಲಿ, ಅಂದ್ರೆ ಟೆನಿಸ್ಸು, ಜಿಮ್ನಾಸ್ಟಿಕ್ಸು, ಕುಸ್ತಿ ಅಂಥದ್ದು, ಆ ತೊಂದರೆಗಳು ಏನೂ ಆಡದವರಿಗಿಂತಲೂ ಸ್ವಲ್ಪ ಜಾಸ್ತಿ ಇದ್ವು. ಇಲ್ಲಿ ಒಂದು ನಿಮಿಷ ತಡೀರಿ. ಟೆನಿಸ್ ಆಡಿದ್ರೆ ಮಗು ಮಂಕಾಗತ್ತೆ ಅಂತ ಇದರ ಅರ್ಥ ಅಲ್ಲ, ಮೊದಲೇ ಆತಂಕದ ಸ್ವಭಾವದ ಮಕ್ಕಳು ಗುಂಪು ಬೇಡ ಅಂತ ಒಂಟಿ ಆಟದ ಕಡೆ ಹೋಗಿರಬಹುದು, ಒಂಟಿ ಆಟದ ಮಕ್ಕಳ ಮೇಲೆ ಅಪ್ಪ ಅಮ್ಮನ ಒತ್ತಡ ಜಾಸ್ತಿ ಇರಬಹುದು. ಎರಡು ಸಂಗತಿ ಜೊತೆಗಿವೆ ಅಂತ ಗೊತ್ತು, ಯಾವುದರಿಂದ ಯಾವುದು ಅಂತ ಈ ಥರದ ಅಧ್ಯಯನ ಹೇಳಲ್ಲ. ಆದ್ರೂ ಯೋಚಿಸಿ, ಟೆನಿಸ್ ಕೋರ್ಟಲ್ಲಿ ಮಗು ಸೋತಾಗ ಸೋಲು ಪೂರ್ತಿ ಅದರ ತಲೆ ಮೇಲೆ, ನೆಟ್ಟಿನ ಈಚೆ ಬೇರೆ ಯಾರೂ ಇಲ್ಲ. ಒಂಬತ್ತು ಜನ ಸೋತಾಗ ಸೋಲೂ ಒಂಬತ್ತು ಪಾಲಾಗತ್ತೆ, ವಾಪಸ್ ಬರೋ ಟೆಂಪೋದಲ್ಲಿ ಮೊದಲ ಹತ್ತು ನಿಮಿಷ ಮೌನ, ಆಮೇಲೆ ಯಾರೋ ಚಿಪ್ಸ್ ಪ್ಯಾಕೆಟ್ ಹರೀತಾರೆ.

ಒಟ್ಟಿಗೆ ಮೈ ದಣಿಸೋದಕ್ಕೇ ಒಂದು ಗುಣ ಇದೆ ಅಂತ ತೋರಿಸಿದ ಸಣ್ಣ ಪ್ರಯೋಗ ಒಂದು ಆಕ್ಸ್‌ಫರ್ಡಲ್ಲಿ ನಡೆದಿತ್ತು. ದೋಣಿ ಹುಟ್ಟು ಹಾಕೋ ಟೀಮಿನ ಹನ್ನೆರಡು ಹುಡುಗರಿಗೆ ಮೆಷಿನ್ ಮೇಲೆ ಒಂದಿನ ಒಬ್ಬೊಬ್ಬರೇ, ಇನ್ನೊಂದಿನ ಎಲ್ಲರೂ ಒಂದೇ ತಾಳದಲ್ಲಿ ಅಭ್ಯಾಸ ಮಾಡಿಸಿದ್ರು, ಆಮೇಲೆ ಬಿಪಿ ನೋಡೋ ಪಟ್ಟಿ ತೋಳಿಗೆ ಕಟ್ಟಿ ಬಿಗಿ ಮಾಡ್ತಾ ಎಷ್ಟು ನೋವು ತಡ್ಕೋತಾರೆ ನೋಡಿದ್ರು. ದುಡಿದ ದುಡಿಮೆ ಎರಡು ದಿನಾನೂ ಹೆಚ್ಚುಕಮ್ಮಿ ಒಂದೇ, ಆದ್ರೆ ಜೊತೆಯಾಗಿ ಮಾಡಿದ ದಿನ ನೋವು ತಡೆಯೋ ಶಕ್ತಿ ಜಾಸ್ತಿ ಇತ್ತು. ಮೈಯಲ್ಲೇ ತಯಾರಾಗೋ ನೋವುನಿವಾರಕ ಎಂಡಾರ್ಫಿನ್ ಒಟ್ಟಿಗೆ ದುಡಿದಾಗ ಜಾಸ್ತಿ ಸುರಿಯತ್ತೆ ಅಂತ ಅವರ ಲೆಕ್ಕಾಚಾರ. ಹನ್ನೆರಡೇ ಜನರ ಪ್ರಯೋಗ, ಅದನ್ನ ಅಷ್ಟಕ್ಕೇ ಇಟ್ಕೊಳ್ಳೋಣ. ನಾಟಿ ಹಾಕುವಾಗ ಹೆಂಗಸರು ಸೋಬಾನೆ ಹಾಡ್ಕೊಂಡು ಒಂದೇ ಲಯದಲ್ಲಿ ಬಗ್ಗಿ ನೆಟ್ಟು ಏಳೋದನ್ನ ನೋಡಿದವರಿಗೆ ಇದು ಹೊಸ ಸುದ್ದಿ ಅನ್ಸಲಿಕ್ಕಿಲ್ಲ.

ಹಾಗಂತ ನಾಲ್ಕು ಜನ ಒಟ್ಟಿಗೆ ಸೇರಿದ ಮಾತ್ರಕ್ಕೆ ಎಲ್ಲಾ ಒಳ್ಳೇದಾಗಿಬಿಡಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತೀವಿ, ಆದ್ರೆ ಹತ್ತು ಜನ ಸೇರಿದಾಗ ಒಬ್ಬೊಬ್ಬರು ತರೋ ಕಡ್ಡಿ ಸಣ್ಣದಾಗ್ತಾ ಹೋಗತ್ತೆ ಅಂತ ರಿಂಗೆಲ್ಮನ್ ಅನ್ನೋ ಫ್ರೆಂಚ್ ಕೃಷಿ ಎಂಜಿನಿಯರ್ ಹಗ್ಗ ಎಳೆಸಿ ತೋರಿಸಿದ್ದ, ಫಲಿತಾಂಶ ಪ್ರಕಟ ಆಗಿದ್ದು 1913ರಲ್ಲಿ. ಎಂಟು ಜನ ಎಳೆದಾಗ ಒಬ್ಬೊಬ್ಬನ ಬಲ ಒಂಟಿಯಾಗಿ ಎಳೆದಾಗಿನ ಅರ್ಧಕ್ಕೆ ಬಂದಿತ್ತು. ಸ್ವಲ್ಪ ಭಾಗ ತಾಳಮೇಳ ಇಲ್ಲದ್ದಕ್ಕೆ, ಉಳಿದಿದ್ದು "ಇನ್ನೊಬ್ಬ ಎಳೀತಾನೆ ಬಿಡು" ಅನ್ನೋ ಸೋಮಾರಿತನಕ್ಕೆ. 1974ರಲ್ಲಿ ಬೇರೆಯವರು ಇದನ್ನ ಇನ್ನೂ ತಮಾಷೆಯಾಗಿ ಪರೀಕ್ಷೆ ಮಾಡಿದ್ರು, ಕಣ್ಣಿಗೆ ಬಟ್ಟೆ ಕಟ್ಟಿ ಹಿಂದೆ ಜನ ಇದಾರೆ ಅಂತ ನಂಬಿಸಿದ್ರು, ಹಿಂದೆ ನಿಂತವರು ಎಳೆಯೋ ನಾಟಕ ಆಡ್ತಿದ್ರು ಅಷ್ಟೇ, ಆದ್ರೂ ಮುಂದಿನವನ ಬಲ ಇಳೀತು. ಮುಂದೆ ಬಂದ ಪ್ರಯೋಗಗಳಲ್ಲಿ ಇದಕ್ಕೆ ಮದ್ದೂ ಸಿಕ್ತು. ಯಾರು ಎಷ್ಟು ಮಾಡಿದ್ರು ಅಂತ ಬಿಡಿಬಿಡಿಯಾಗಿ ಕಾಣೋ ಹಾಗಿದ್ರೆ ಈ ಕಳ್ಳಾಟ ಹೆಚ್ಚುಕಮ್ಮಿ ಮಾಯ ಆಗತ್ತೆ.

ಇಲ್ಲಿಂದ ನಾನು ಕಲಿತ ಒಂದು ಮಾತು ಇದೆ, ಮಕ್ಕಳನ್ನ ಯಾವ ಟೀಮಿಗೆ ಸೇರಿಸೋದು ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದೂ ಇದನ್ನೇ. ಗುಂಪು ಆಟದ ಲಾಭ ಗುಂಪಲ್ಲಿ ಇದ್ದಿದ್ದಕ್ಕೆ ಬರಲ್ಲ, ಲೆಕ್ಕಕ್ಕೆ ಇದ್ದಿದ್ದಕ್ಕೆ ಬರತ್ತೆ. ನಾವೆಲ್ಲ ಚಿಕ್ಕವರಿದ್ದಾಗ ಲಗೋರಿ ಆಡುವಾಗ ಯಾರದೋ ತಮ್ಮನೋ ತಂಗಿನೋ ಸೇರಿಸ್ಕೊಳ್ಳಿ ಅಂತ ಅಳ್ತಾ ಬರೋದು, ಅದನ್ನ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸ್ಕೊಳ್ತಿದ್ವಿ. ಮಗು ಖುಷಿಯಾಗಿ ಓಡಾಡ್ಕೊಂಡಿರೋದು, ಅದು ಔಟಾದ್ರೂ ಔಟ್ ಇಲ್ಲ, ಹೊಡೆದ್ರೂ ಪಾಯಿಂಟ್ ಇಲ್ಲ. ಮೂರು ನಾಲ್ಕು ವರ್ಷದ ಮಗೂಗೆ ಅದು ದೊಡ್ಡ ಉಪಕಾರ, ಜಗತ್ತಲ್ಲಿ ಇಷ್ಟು ನಾಜೂಕಾದ ವ್ಯವಸ್ಥೆ ಇನ್ನೊಂದಿಲ್ಲ ಅಂತಾನೇ ನನ್ನ ಅಭಿಪ್ರಾಯ. ಆದ್ರೆ ಹನ್ನೆರಡು ವರ್ಷದ ಹುಡುಗನ್ನ ವರ್ಷವಿಡೀ ಎಕ್ಸ್‌ಟ್ರಾ ಪ್ಲೇಯರ್ ಅಂತ ನೀರಿನ ಬಾಟ್ಲು ಹೊರೋಕೆ ಇಟ್ಕೊಂಡ್ರೆ ಅದು ಆಟಕ್ಕೂ ಇಲ್ಲ ಲೆಕ್ಕಕ್ಕೂ ಇಲ್ಲ. ಜೆರ್ಸಿ ಮೇಲೆ ನಂಬರ್ ಇರತ್ತೆ, ಮೇಲೆ ಹೇಳಿದ ಯಾವುದೂ ಅವನಿಗೆ ಸಿಕ್ಕಿರಲ್ಲ.

ಮೈ ವಿಷಯ ಬೇಗ ಹೇಳಿ ಮುಗಿಸ್ತೀನಿ, ಇದು ಗುಂಪು ಆಟಕ್ಕೆ ಮಾತ್ರ ಸೇರಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರೋ ಚಟುವಟಿಕೆ ಬೇಕು, ಅದರಲ್ಲಿ ವಾರಕ್ಕೆ ಮೂರು ದಿನವಾದ್ರೂ ಮೂಳೆ ಸ್ನಾಯು ಗಟ್ಟಿ ಮಾಡೋ ಥರದ್ದಿರಬೇಕು. 2016ರ ಅಂಕಿಅಂಶ ನೋಡಿದ್ರೆ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಜನ ಇದನ್ನ ಮುಟ್ಟಲ್ಲ. ಮೂಳೆಗೆ ಹಾರೋದು, ಗಕ್ಕಂತ ನಿಲ್ಲೋದು, ತಿರುಗೋದು ಬೇಕು, ಈಜಲ್ಲಿ ನೀರು ಮೈಭಾರ ಹೊತ್ಕೊಳ್ಳೋದ್ರಿಂದ ಮೂಳೆಗೆ ಆ ಪೆಟ್ಟು ಸಿಗಲ್ಲ, ಭಾವಂಗೆ ನಾನು ಕೊಟ್ಟ ಮೊದಲ ಉತ್ತರ ಇದೇ. ದೊಡ್ಡವರ ಮೈಯಲ್ಲಿರೋ ಮೂಳೆ ಖನಿಜದ ಸುಮಾರು ಕಾಲು ಭಾಗ ಸೇರೋದು ಮಕ್ಕಳು ಸರಸರ ಎತ್ತರ ಆಗೋ ಎರಡು ವರ್ಷದ ಆಸುಪಾಸಲ್ಲಿ, ಹುಡುಗೀರಿಗೆ ಹನ್ನೆರಡು ಹದಿಮೂರರ ಹೊತ್ತಿಗೆ, ಹುಡುಗರಿಗೆ ಹದಿನಾಲ್ಕರ ಹತ್ತಿರ. ನಮ್ಮಲ್ಲಿ ಹುಡುಗೀರನ್ನ ಆಟ ಬಿಡಿಸಿ ಮನೇಲಿ ಕೂರಿಸೋ ವಯಸ್ಸೂ ಸರಿಯಾಗಿ ಅದೇ, ದೊಡ್ಡವಳಾದ್ಲು ಇನ್ನೇನು ಗ್ರೌಂಡಿಗೆ ಅಂತ. ಎಂಥಾ ಲೆಕ್ಕಾಚಾರ ನಮ್ದು.

ಕಣ್ಣಿನದ್ದೊಂದು ಸೇರಿಸಿಬಿಡ್ತೀನಿ, ಕನ್ನಡಕದ ಅಂಗಡಿಗಳು ಈ ಪಾಟಿ ತುಂಬಿರೋ ಕಾಲದಲ್ಲಿ. ಚೀನಾದ ಗುವಾಂಗ್‌ಝೌ ಊರಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನ ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ರು, ಮೂರು ವರ್ಷ ಆದ್ಮೇಲೆ ಆ ಶಾಲೆಗಳಲ್ಲಿ ಹೊಸದಾಗಿ ದೂರದ್ದು ಮಸುಕಾದ ಮಕ್ಕಳು ನೂರಕ್ಕೆ 30 ಚಿಲ್ಲರೆ, ಹಾಗೆ ಬಿಡದ ಶಾಲೆಗಳಲ್ಲಿ 39 ಚಿಲ್ಲರೆ. ಬಯಲಿನ ಬೆಳಕಿಗೆ ಕಣ್ಣಿನ ಹಿಂಪರದೇಲಿ ಡೋಪಮೈನ್ ಅನ್ನೋ ರಾಸಾಯನಿಕ ಜಾಸ್ತಿಯಾಗತ್ತೆ, ದೂರದ್ದು ಮಸುಕಾಗೋಕೆ ಕಾರಣವಾಗೋ ಹಾಗೆ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯೋದನ್ನ ಅದು ನಿಧಾನ ಮಾಡತ್ತೆ ಅಂತ ನಂಬಿಕೆ. ಇದಕ್ಕೆ ಟೀಮೇ ಬೇಕಂತಿಲ್ಲ ನಿಜ, ಆದ್ರೆ "ಹೊರಗೆ ಹೋಗಿ ನಿಂತ್ಕೋ" ಅಂದ್ರೆ ಯಾವ ಮಗು ನಿಲ್ಲತ್ತೆ, ಎಂಟು ಜನ ಗೇಟ್ ಹತ್ರ ಬಂದು ಹೆಸರು ಹಿಡಿದು ಕೂಗಿದ್ರೆ ತಟ್ಟೆ ಬಿಟ್ಟು ಓಡತ್ತೆ.

ಈಗ ಕಹಿ ವಿಷಯಕ್ಕೆ ಬರೋಣ. ಇದೇ ಗುಂಪು ಆಟ ಮಕ್ಕಳನ್ನ ಹಣ್ಣು ಮಾಡಿ ಬಿಸಾಕೋದೂ ಉಂಟು, ಮತ್ತೆ ಅದು ಬಹುಪಾಲು ದೊಡ್ಡವರ ಕೈಚಳಕ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಲೀಗಲ್ಲಿ ಕೆಲವು ಕೋಚ್‌ಗಳಿಗೆ ಕೆಲವೇ ಗಂಟೆಗಳ ತರಬೇತಿ ಕೊಟ್ಟು ನೋಡಿದ್ರು. ಮಗು ತಪ್ಪು ಮಾಡಿದಾಗ ಮೊದಲು ಧೈರ್ಯ ಹೇಳು, ಆಮೇಲೆ ಹೇಗೆ ಮಾಡಬೇಕು ಅಂತ ಹೇಳು, ಅವಮಾನ ಮಾಡಬೇಡ, ಚೆನ್ನಾಗಿ ಮಾಡಿದ್ದನ್ನ ಗಮನಿಸಿ ಹೇಳು, ಇಷ್ಟೇ. ಆ ಕೋಚ್‌ಗಳ ಮಕ್ಕಳಲ್ಲಿ ಮುಂದಿನ ವರ್ಷ ಆಟ ಬಿಟ್ಟವರು ನೂರಕ್ಕೆ 5, ತರಬೇತಿ ಇಲ್ಲದ ಕೋಚ್‌ಗಳ ಮಕ್ಕಳಲ್ಲಿ 26. ಗೆಲುವು ಸೋಲಿನ ಲೆಕ್ಕದಲ್ಲಿ ಎರಡೂ ಗುಂಪಿಗೆ ಅಂಥಾ ವ್ಯತ್ಯಾಸ ಇರ್ಲಿಲ್ಲ. ನಾನು ಒಂದು ಸಮ್ಮರ್ ಕ್ಯಾಂಪಲ್ಲಿ ಕಣ್ಣಾರೆ ಕಂಡಿದ್ದು, ಕ್ಯಾಚ್ ಬಿಟ್ಟ ಒಂಬತ್ತು ವರ್ಷದ ಹುಡುಗನಿಗೆ ಎಲ್ಲರೆದುರು "ಬಳೆ ತೊಟ್ಕೊಂಡ್ ಬಂದಿದೀಯಾ" ಅಂತ ಕೇಳಿದ್ರು, ಪಕ್ಕದಲ್ಲೇ ಅವನಿಗಿಂತ ಚೆನ್ನಾಗಿ ಕ್ಯಾಚ್ ಹಿಡಿಯೋ ಹುಡುಗಿ ಬಳೆ ತೊಟ್ಕೊಂಡೇ ನಿಂತಿದ್ಲು. ಮಾರನೇ ದಿನ ಹುಡುಗ ಬರ್ಲಿಲ್ಲ. ಮುಂದಿನ ವಾರ ಹುಡುಗೀನೂ ಬರ್ಲಿಲ್ಲ.

ಇನ್ನೊಂದು ಮೋಸ ಕಣ್ಣಿಗೇ ಬೀಳಲ್ಲ, ಅದು ಹುಟ್ಟಿದ ತಿಂಗಳದ್ದು. ವಯಸ್ಸಿನ ಗುಂಪಿಗೆ ಕಟ್-ಆಫ್ ಜನವರಿ 1 ಅಂದ್ಕೊಳ್ಳಿ. ಜನವರೀಲಿ ಹುಟ್ಟಿದ ಮಗೂಗೂ ಅದೇ ವರ್ಷ ಡಿಸೆಂಬರಲ್ಲಿ ಹುಟ್ಟಿದ ಮಗೂಗೂ ಹತ್ತಿರ ಹತ್ತಿರ ಹನ್ನೆರಡು ತಿಂಗಳ ವ್ಯತ್ಯಾಸ, ಹತ್ತು ವರ್ಷದ ಹೊತ್ತಿಗೆ ಅದು ಕಾಲು ಗೇಣು ಎತ್ತರ, ಎರಡು ಮೂರು ಕೆಜಿ ತೂಕ. ಕೋಚ್ ಕಣ್ಣಿಗೆ ದೊಡ್ಡ ಮಗು "ಟ್ಯಾಲೆಂಟ್" ಆಗಿ ಕಾಣತ್ತೆ, ಅದಕ್ಕೇ ಹೆಚ್ಚು ಆಟ ಸಿಗತ್ತೆ, ಆಡಿ ಆಡಿ ನಿಜವಾಗ್ಲೂ ಚೆನ್ನಾಗಿ ಆಡೋ ಹಾಗೆ ಆಗತ್ತೆ. ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ದಿನಾಂಕಗಳನ್ನ 1980ರ ದಶಕದಲ್ಲಿ ಜೋಡಿಸಿ ನೋಡಿದಾಗ ವರ್ಷದ ಮೊದಲ ಮೂರು ತಿಂಗಳವರು ಕೊನೇ ಮೂರು ತಿಂಗಳವರಿಗಿಂತ ತುಂಬಾನೇ ಜಾಸ್ತಿ ಇದ್ರು. ನಿಮ್ಮ ಮಗು ಡಿಸೆಂಬರದ್ದಾಗಿದ್ದು ಸೆಲೆಕ್ಷನ್ ಆಗಿಲ್ಲ ಅಂದ್ರೆ ಇನ್ನೆರಡು ವರ್ಷ ಸುಮ್ನೆ ಆಡೋಕೆ ಬಿಡಿ, ಕೈಲಾಗಲ್ಲ ಅನ್ನೋ ತೀರ್ಪು ಆಗ್ಲೇ ಬೇಡ.

ನಾರ್ವೆಯವರು ಇದಕ್ಕೆಲ್ಲ ಸೇರಿಸಿ ಒಂದೇ ಬೀಗ ಹಾಕಿದಾರೆ. 1987ರಿಂದಲೇ ಅಲ್ಲಿ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮ ಇದೆ, ಈಗಿರೋ ಪ್ರಕಾರ ಹನ್ನೊಂದು ತುಂಬೋ ವರ್ಷದವರೆಗೂ ಮಕ್ಕಳ ಪಂದ್ಯಗಳ ಪಾಯಿಂಟ್ ಪಟ್ಟಿ, ರ‍್ಯಾಂಕಿಂಗ್ ಹಾಕೋ ಹಾಗಿಲ್ಲ, ಹದಿಮೂರಕ್ಕೆ ಮುಂಚೆ ರಾಷ್ಟ್ರಮಟ್ಟದ ಚಾಂಪಿಯನ್‌ಶಿಪ್ ಇಲ್ಲ. ಇಂಥವರು ದೊಡ್ಡವರಾದ್ಮೇಲೆ ಮೆತ್ತಗಾಗ್ತಾರೆ ಅಂದ್ಕೊಂಡ್ರೆ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಲ್ಲಿ 16 ಚಿನ್ನ ಹೊಡೆದು ಮೊದಲ ಸ್ಥಾನ, ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧಾನೂ ಇಲ್ಲ. ಬರೀ ಈ ನಿಯಮದಿಂದಲೇ ಗೆದ್ರು ಅಂತ ಹೇಳೋಕಾಗಲ್ಲ, ದುಡ್ಡೂ ಇದೆ ಹಿಮಾನೂ ಇದೆ, ಆದ್ರೆ ಮಕ್ಕಳನ್ನ ಬೇಗ ಸೋಸದಿದ್ರೆ ಚಾಂಪಿಯನ್ಸ್ ಹುಟ್ಟಲ್ಲ ಅನ್ನೋ ವಾದ ಮಾತ್ರ ಅಲ್ಲಿಗೆ ನಿಲ್ಲಲ್ಲ.

ನಮ್ಮಲ್ಲೂ ದಾರಿ ಇದೆ, ಖರ್ಚಿಲ್ಲದ್ದು. ಸರ್ಕಾರಿ ಶಾಲೆ ಮಗು ಕೂಡ ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಒಂದೊಂದೇ ಮೆಟ್ಟಿಲು ಹತ್ತಬಹುದು, ಖೋ-ಖೋಗೆ ಎರಡು ಕಂಬ, ಒಂದು ಬುಟ್ಟಿ ಸುಣ್ಣ, ಒಬ್ಬ ಮನಸ್ಸಿರೋ ಪಿಟಿ ಮೇಷ್ಟ್ರು ಸಾಕು. 2025ರ ಜನವರೀಲಿ ದೆಹಲೀಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ಭಾರತದ ಹೆಣ್ಮಕ್ಕಳು ಫೈನಲಲ್ಲಿ ನೇಪಾಳವನ್ನ 78-40ರಿಂದ ಸೋಲಿಸಿದ್ರಲ್ಲ, ಆ ಟೀಮಲ್ಲಿದ್ದ ಚೈತ್ರಾ ಬಿ. ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿ ಮೈದಾನದಿಂದ ಅಲ್ಲೀವರೆಗೆ. ಕೊಡಗಲ್ಲಂತೂ ಇನ್ನೊಂದೇ ಲೋಕ, 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಟೀಮ್ ಅಂದ್ರೆ ಮನೆತನ, ಅಜ್ಜನೂ ಮೊಮ್ಮಗನೂ ಸೊಸೆಯೂ ಒಂದೇ ಟೀಮಿಗೆ ಇಳಿಯೋದುಂಟು. ಸೆಲೆಕ್ಷನ್ ಟ್ರಯಲ್ ಇಲ್ಲದೇ ಹುಟ್ಟಿನಿಂದಲೇ ಟೀಮಿಗೆ ಸೇರಿದ ಮಗೂಗೆ ಹಾಕಿ ಸ್ಟಿಕ್ಕು ಎಷ್ಟು ಹಗುರ ಅನ್ಸಬಹುದು ಅಂತ ನಂಗೆ ಹೊಟ್ಟೆಕಿಚ್ಚು.

ಕೋಚಿಂಗ್ ಹುಡುಕ್ತಿರೋರು ಟ್ರೋಫಿ ಕಪಾಟು ನೋಡೋದಕ್ಕೆ ಮುಂಚೆ ಒಂದು ಸಂಜೆ ಹೋಗಿ ಸುಮ್ನೆ ಕೂತ್ಕೊಳ್ಳಿ. ಎಲ್ಲಕ್ಕಿಂತ ಕಮ್ಮಿ ಆಡೋಕೆ ಬರೋ ಮಗು ಯಾವುದು ಅಂತ ಗುರುತು ಹಿಡ್ಕೊಳ್ಳಿ, ಒಂದು ಗಂಟೇಲಿ ಅದಕ್ಕೆ ಎಷ್ಟು ನಿಮಿಷ ಬಾಲು ಸಿಗತ್ತೆ, ತಪ್ಪಿದಾಗ ಯಾರು ಏನಂತಾರೆ ನೋಡಿ. ಅಷ್ಟೇ ಸಾಕು. ಇನ್ನು ಎಷ್ಟು ಹೊತ್ತು ಅಂದ್ರೆ, ಮಗೂನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಕೋಚಿಂಗ್ ಬೇಡ, ವಾರಕ್ಕೆ ಒಂದಾದ್ರೂ ದಿನ ಪೂರ್ತಿ ರಜ ಅಂತ ಕ್ರೀಡಾ ವೈದ್ಯರು ಹೇಳ್ತಾರೆ. ಬೆಳೆಯೋ ವಯಸ್ಸಲ್ಲಿ ಮಂಡಿಚಿಪ್ಪಿನ ಕೆಳಗೆ ಗಂಟು ಥರ ಬಂದು ನೋವಾದ್ರೆ "ಓಡಿದ್ರೆ ಹೋಗತ್ತೆ" ಅಂತ ಓಡಿಸಬೇಡಿ, ಡಾಕ್ಟರಿಗೆ ತೋರಿಸಿ. ಮತ್ತೆ ಕೋಚಿಂಗ್ ಇಲ್ಲದಿದ್ರೆ ಆಟವೇ ಇಲ್ಲ ಅಂತೇನಿಲ್ಲ. ಸ್ವಿಟ್ಜರ್ಲೆಂಡಿನ ಪಿಯಾಜೆ ಅನ್ನೋ ಮನೋವಿಜ್ಞಾನಿ ಮಕ್ಕಳ ಗೋಲಿ ಆಟ ನೋಡ್ತಾ ಕೂತು ಕಂಡುಕೊಂಡಿದ್ದು, ಚಿಕ್ಕ ಮಕ್ಕಳು ನಿಯಮ ಅಂದ್ರೆ ದೊಡ್ಡವರು ಕೊಟ್ಟ ಶಾಸನ, ಮುಟ್ಟೋ ಹಾಗಿಲ್ಲ ಅಂದ್ಕೊಂಡಿರ್ತಾರೆ, ಹತ್ತು ಹನ್ನೆರಡರ ಹೊತ್ತಿಗೆ ನಾವೆಲ್ಲ ಒಪ್ಪಿದ್ರೆ ನಿಯಮ ಬದಲಾಯಿಸಬಹುದು ಅಂತ ಅರ್ಥ ಆಗತ್ತೆ. ನಮ್ಮ ಗಲ್ಲೀಲಿ "ಆಂಟಿ ಮನೆ ಕಾಂಪೌಂಡಿಗೆ ಹೋದ್ರೆ ಔಟು, ಹೊಡೆದವನೇ ತರಬೇಕು" ಅನ್ನೋ ಕಾನೂನು ಪಾಸಾಗಿದ್ದು ಹೀಗೇ, ಯಾವ ಅಂಪೈರೂ ಇಲ್ಲದೇ, ಅರ್ಧ ಗಂಟೆ ಜಗಳ ಆಡಿ. ನೀವು ಬಾಲ್ಕನಿಯಿಂದ ತೀರ್ಪು ಕೊಡೋಕೆ ಹೋಗ್ಬೇಡಿ ಅಷ್ಟೇ.

ಮೊನ್ನೆ ಭಾನುವಾರ ಆರು ವರ್ಷದ ನಮ್ಮ ಚಿಕ್ಕವನು ಬೀದಿಯಿಂದ ಮೂಗು ಸುರಿಸ್ಕೊಂಡು ಅಳ್ತಾ ಒಳಗೆ ಬಂದ. ಅವರಮ್ಮ ಗಾಬರಿಯಾಗಿ ಬಿದ್ಯೇನೋ, ಯಾರ್ ಹೊಡೆದ್ರೋ ಅಂತ ಕೇಳಿದ್ರೆ, "ನನ್ನ ಔಟ್ ಅಂದ್ರು" ಅಂದ. ಲಗೋರೀಲಿ ಚೆಂಡು ಬೆನ್ನಿಗೆ ಬಿದ್ದಿತ್ತಂತೆ. ಇಷ್ಟು ದಿನ ಎಷ್ಟು ಸಲ ಬಿದ್ರೂ ಇವನಿಗೆ ಔಟ್ ಇರ್ಲಿಲ್ಲ. ಒಳಗೆ ತಿಂಡಿ ತಿಂತಿದ್ದ ಅಕ್ಕ ತಲೆ ಎತ್ತಿ, "ಹೌದಾ? ಔಟ್ ಕೊಟ್ರಾ ನಿಂಗೆ?" ಅಂತ ಕಣ್ಣರಳಿಸಿದ್ಲು. ಅವನು ಅಳೋದು ನಿಲ್ಲಿಸಿ ಒಂದು ನಿಮಿಷ ಅವಳ ಮುಖ ನೋಡಿದ. ಅವಳ ತಟ್ಟೆಯಿಂದ ಒಂದು ತುತ್ತು ಉಪ್ಪಿಟ್ಟು ಬಾಯಿಗೆ ಹಾಕ್ಕೊಂಡು, ಚಪ್ಪಲೀನೂ ಹಾಕ್ಕೊಳ್ಳದೇ ವಾಪಸ್ ಓಡಿದ.